ಟ್ಯಾಪೆಟ್ ಕವರಿನ ಎಣ್ಣೆ ಲೋವರ್ ಆರ್ಮಿಗೆ ಬಂದದ್ದು ಹೇಗೆ: ಪೌಡರ್ ಕೋಟಿಂಗ್ ಕುರಿತ ಒಂದು ಪ್ರಕರಣ ಅಧ್ಯಯನ

ಹಳೆಯ ಕಾರೊಂದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದವರೊಬ್ಬರು ಅದರ ಆರು ಭಾಗಗಳನ್ನು ಪೌಡರ್ ಕೋಟಿಂಗ್‌ಗಾಗಿ, ಅಂದರೆ ವಿದ್ಯುದಾವೇಶ ಕೊಟ್ಟ ಒಣ ಬಣ್ಣದ ಪುಡಿಯನ್ನು ಗನ್ನಿನಿಂದ ಲೋಹಕ್ಕೆ ಹಿಡಿಸಿ ಓವನ್‌ನಲ್ಲಿ ಬೇಯಿಸುವ ಲೇಪಕ್ಕಾಗಿ, ನಮ್ಮ ಕಾರ್ಯಾಗಾರಕ್ಕೆ ತಂದುಕೊಟ್ಟಿದ್ದರು. ಮುಂಭಾಗದ ಕ್ರಾಸ್‌ಮೆಂಬರ್ (ಕಾರಿನ ಅಡ್ಡಕ್ಕೆ ಕೂರುವ ಉಕ್ಕಿನ ತೊಲೆ) ಒಂದು, ಒತ್ತಿದ ತಗಡಿನ ಎರಡು ಹೋಳುಗಳನ್ನು ಸೇರಿಸಿ ವೆಲ್ಡ್ ಮಾಡಿದ ಲೋವರ್ ಆರ್ಮ್ (ಚಕ್ರವನ್ನು ಕಾರಿಗೆ ಸೇರಿಸುವ ಸಸ್ಪೆನ್ಷನ್ನಿನ ಕೆಳತೋಳು) ಎರಡು, ಎಂಜಿನ್ ಮೌಂಟಿನ ಬ್ರಾಕೆಟ್ ಎರಡು, ಎರಕದ ಅಲ್ಯೂಮಿನಿಯಂನ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಭಾಗದ ವಾಲ್ವ್‌ಗಳ ಮುಚ್ಚಳ) ಒಂದು. ಉಕ್ಕಿನ ಐದಕ್ಕೂ ಅರೆ ಹೊಳಪಿನ ಕಪ್ಪು ಬಣ್ಣ, ಕವರಿಗೆ ಕೆಂಪು. ಆರೂ ಭಾಗಗಳು ಒಂದೇ ದಿನ, ಒಂದೇ ಗನ್ನಿನಿಂದ ಪೌಡರ್ ಹಾಕಿಸಿಕೊಂಡು, ಒಂದೇ ಓವನ್‌ನಲ್ಲಿ ಬೆಂದು ಹೊರಬಂದವು. ಮೂರು ಭಾಗಗಳು ಚೆನ್ನಾಗಿದ್ದವು, ಮೂರು ಕೆಟ್ಟಿದ್ದವು. ಕೆಟ್ಟ ಮೂರರಲ್ಲಿಯೂ ದೋಷ ಒಂದೇ ಬಗೆಯದಾಗಿರಲಿಲ್ಲ. ಕಾರಣ ಒಂದೇ ಎಂಬುದು ನಮಗೆ ತಿಳಿಯುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು.

ಆ ದಿನದ ಕೆಲಸವನ್ನು ನಡೆದ ಕ್ರಮದಲ್ಲಿಯೇ ದಾಖಲಿಸುವುದು ಅವಶ್ಯ, ಏಕೆಂದರೆ ಇಡೀ ಪ್ರಕರಣದ ಸುಳಿವು ಆ ಕ್ರಮದಲ್ಲಿಯೇ ಅಡಗಿತ್ತು. ಆರ್ಮ್‌ಗಳ ರಬ್ಬರ್ ಬುಷ್‌ಗಳನ್ನೂ (ಕೀಲಿನಲ್ಲಿ ಕೂರುವ ಬಳೆಗಳು) ಬಾಲ್ ಜಾಯಿಂಟ್‌ಗಳನ್ನೂ (ಗ್ರೀಸ್ ತುಂಬಿದ ಗುಂಡು ಕೀಲುಗಳು) ಹಿಂದಿನ ದಿನವೇ ಪ್ರೆಸ್ಸಿನಲ್ಲಿ ಒತ್ತಿ ತೆಗೆದಿದ್ದೆವು. 200 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಓವನ್‌ಗೆ ರಬ್ಬರನ್ನಾಗಲಿ, ಗ್ರೀಸ್ ತುಂಬಿ ಮುಚ್ಚಿದ ಯಾವ ಜೋಡಣೆಯನ್ನಾಗಲಿ ಕಳುಹಿಸುವಂತಿಲ್ಲ. (ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರನ್ನಂತೂ ಓವನ್ ಬಾಗಿಲ ಹತ್ತಿರಕ್ಕೂ ತರಬಾರದು, ಅದು ಒಳಗೆ ಸಿಡಿಯಬಹುದು.) ಪೌಡರ್ ಹಾಕುವ ಮೊದಲು ಬ್ಲಾಸ್ಟಿಂಗ್ ಮಾಡಬೇಕು, ಅಂದರೆ ಗ್ರಿಟ್ ಎಂಬ ಒರಟು ಕಣಗಳನ್ನು ಗಾಳಿಯ ಒತ್ತಡದಿಂದ ಹೊಡೆದು ತುಕ್ಕನ್ನೂ ಹಳೆಯ ಬಣ್ಣವನ್ನೂ ತೆಗೆಯಬೇಕು. ಕ್ರಾಸ್‌ಮೆಂಬರ್ ನಮ್ಮ ಬ್ಲಾಸ್ಟಿಂಗ್ ಕ್ಯಾಬಿನೆಟ್ಟಿನಲ್ಲಿ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಹೊರಗಿನ ಕೋಣೆಯಲ್ಲಿ ಪ್ರೆಷರ್ ಪಾಟ್‌ನಿಂದ (ಗ್ರಿಟ್ ತುಂಬಿದ ಒತ್ತಡದ ಪಾತ್ರೆ), ಹೊಸ ಗ್ರಿಟ್ಟಿನಲ್ಲಿ ಬ್ಲಾಸ್ಟ್ ಮಾಡಿದೆವು. ಉಳಿದ ಐದು ಭಾಗಗಳು ಕ್ಯಾಬಿನೆಟ್ಟಿಗೆ ಹೋದವು. ಮೊದಲು ಎರಡು ಬ್ರಾಕೆಟ್, ಆಮೇಲೆ ಟ್ಯಾಪೆಟ್ ಕವರ್, ಅದರ ನಂತರ ಎಡಗಡೆಯ ಆರ್ಮ್, ಕೊನೆಗೆ ಬಲಗಡೆಯದು. ಕ್ಯಾಬಿನೆಟ್ಟಿನಲ್ಲಿ ಇದ್ದದ್ದು ಅಲ್ಯೂಮಿನಿಯಂ ಆಕ್ಸೈಡ್ ಗ್ರಿಟ್; ಅದು ಕೆಳಗಿನ ತೊಟ್ಟಿಯಾದ ಹಾಪರಿಗೆ ಬಿದ್ದು, ಧೂಳಿನಿಂದ ಬೇರ್ಪಟ್ಟು, ಮತ್ತೆ ನಾಝಲ್‌ಗೆ ಬರುತ್ತದೆ. ಬ್ಲಾಸ್ಟ್ ಆದ ಮೇಲೆ ಪ್ರತಿಯೊಂದನ್ನೂ ಗಾಳಿಯಿಂದ ಊದಿ, ಸಾಲ್ವೆಂಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಥ್ರೆಡ್‌ಗಳಿಗೂ ಬುಷ್ ಕೂರುವ ರಂಧ್ರಗಳಿಗೂ ಪೌಡರ್ ಹೋಗದಂತೆ ಸಿಲಿಕಾನ್ ಬಿರಡೆ ಹಾಕಿ, ಕೊಕ್ಕೆಗೆ ತೂಗುಹಾಕಿದೆವು.

ಟ್ಯಾಪೆಟ್ ಕವರ್ ಕ್ಯಾಬಿನೆಟ್ಟಿಗೆ ಹೋಗುವ ಮೊದಲು ಅದಕ್ಕೆ ಸಿಕ್ಕ ಶುದ್ಧೀಕರಣವೆಂದರೆ ಸೀಮೆಎಣ್ಣೆ ಮತ್ತು ಬ್ರಷ್ ಮಾತ್ರ. ಹೊರಮೈ ನೋಡಲು ಸ್ವಚ್ಛವಾಗಿತ್ತು. ಹೇಗಿದ್ದರೂ ಬ್ಲಾಸ್ಟಿಂಗ್ ಎಲ್ಲವನ್ನೂ ಕಿತ್ತು ತೆಗೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿತ್ತು. ತುಕ್ಕಿನ ಮಟ್ಟಿಗೆ, ಹಳೆಯ ಬಣ್ಣದ ಮಟ್ಟಿಗೆ ಆ ನಂಬಿಕೆ ಸರಿ. ಎಣ್ಣೆಯ ಮಟ್ಟಿಗೆ ಅದು ತಪ್ಪು.

ಓವನ್‌ನಿಂದ ಹೊರಬಂದ ಕವರ್ ದೂರದಿಂದ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಹತ್ತಿರ ಹಿಡಿದರೆ ಕೆಂಪು ಮೈಯ ತುಂಬ ಸೂಜಿ ಚುಚ್ಚಿದಂತಹ ರಂಧ್ರಗಳು. ಬೋಲ್ಟ್ ಕೂರುವ ದಪ್ಪ ಗಂಟುಗಳ ಸುತ್ತ ಒತ್ತೊತ್ತಾಗಿ, ತೆಳುವಾದ ಮೇಲ್ಭಾಗದಲ್ಲಿ ವಿರಳವಾಗಿ. ಗ್ಯಾಸ್ಕೆಟ್ ಕೂರುವ ಅಂಚಿನಿಂದ ಕಂದು ಬಣ್ಣದ ಎಳೆಯೊಂದು ಇಳಿದು ತುದಿಯಲ್ಲಿ ಹನಿಗಟ್ಟಿತ್ತು, ಮೂಸಿದರೆ ಸುಟ್ಟ ಎಂಜಿನ್ ಆಯಿಲ್‌ನ ವಾಸನೆ. ಆರ್ಮ್‌ಗಳ ದೋಷ ಬೇರೆ ರೂಪದ್ದು. ಅಲ್ಲಿ ರಂಧ್ರಗಳಿರಲಿಲ್ಲ, ಅಗಲ ಬಾಯಿಯ, ಆಳವಿಲ್ಲದ ಕುಳಿಗಳಿದ್ದವು. ಎಡಗಡೆಯ ಆರ್ಮಿನಲ್ಲಿ ಇಂತಹ ಕುಳಿಗಳು ಎಣಿಸಲಾಗದಷ್ಟಿದ್ದರೆ ಬಲಗಡೆಯದರಲ್ಲಿ ಹತ್ತಿಪ್ಪತ್ತು ಇದ್ದವು. ಕ್ರಾಸ್‌ಮೆಂಬರಿನಲ್ಲಿಯೂ ಬ್ರಾಕೆಟ್‌ಗಳಲ್ಲಿಯೂ ಒಂದೂ ಇರಲಿಲ್ಲ.

ಈ ಎರಡು ದೋಷಗಳನ್ನು ಒಂದೇ ಹೆಸರಿನಿಂದ ಕರೆಯುವ ರೂಢಿ ಹಲವರಲ್ಲಿದೆ. ಹತ್ತರಷ್ಟು ದೊಡ್ಡದಾಗಿ ತೋರುವ ಲೆನ್ಸ್ ಇಟ್ಟು ನೋಡಿದರೆ ಅವುಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸೂಜಿರಂಧ್ರ ಕೆಳಗಿನಿಂದ ಮೇಲಕ್ಕೆ ಒಡೆದದ್ದು; ಅದರ ಬಾಯಿ ಸಣ್ಣದು, ಅಂಚು ತುಸು ಉಬ್ಬಿರುತ್ತದೆ, ಅಂದರೆ ಲೋಹದ ಒಳಗಿನಿಂದ ಅನಿಲವೊಂದು ಹೊರಬಂದಿದೆ. ಪೌಡರ್ ಮೊದಲು ಕರಗಿ, ಹರಿದು, ಮಟ್ಟವಾಗಿ, ನಂತರ ಗಟ್ಟಿಯಾಗತೊಡಗುತ್ತದೆ. ಹರಿಯುತ್ತಿರುವಾಗ ಹೊರಬಂದ ಗುಳ್ಳೆಯ ಗುರುತು ತಾನೇ ಮುಚ್ಚಿಕೊಳ್ಳುತ್ತದೆ, ಗಟ್ಟಿಯಾಗತೊಡಗಿದ ಮೇಲೆ ಹೊರಟ ಗುಳ್ಳೆ ತೂತನ್ನು ಬಿಟ್ಟುಹೋಗುತ್ತದೆ. ಕುಳಿಯಾದರೋ ಮೇಲ್ಮೈಯ ಜಿಡ್ಡಿನಿಂದ ಉಂಟಾಗುತ್ತದೆ. ಎಣ್ಣೆಯಾಗಲಿ ಸಿಲಿಕಾನ್ ಆಗಲಿ ಅಂಟಿದ ಚುಕ್ಕೆಯ ಮೇಲೆ ಕರಗಿದ ಪೌಡರ್ ನಿಲ್ಲಲಾರದೆ ಸುತ್ತಲೂ ಹಿಂದೆ ಸರಿಯುತ್ತದೆ, ಬಟ್ಟಲಿನಂತಹ ತಗ್ಗು ಉಳಿಯುತ್ತದೆ. ಹೀಗಾಗಿ ಕವರಿನ ದೋಷ ಲೋಹದ ಒಳಗಿನದು, ಆರ್ಮಿನ ದೋಷ ಲೋಹದ ಮೇಲಿನದು. ಎರಡು ಬೇರೆ ಬೇರೆ ತೊಂದರೆಗಳೆಂದು ನಾವು ಭಾವಿಸಿದ್ದಕ್ಕೆ ಇದೇ ಕಾರಣ. ಲೆನ್ಸಿನಲ್ಲಿ ಕಂಡದ್ದು ನಿಜವೇ ಆಗಿದ್ದರೂ ಅದು ನಮ್ಮನ್ನು ಎರಡು ದಿನ ಅಡ್ಡದಾರಿ ಹಿಡಿಸಿತು.

ಶಂಕೆಗಳು ಮತ್ತು ಪರೀಕ್ಷೆಗಳು

ಕವರಿನ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಎರಕದ ಅಲ್ಯೂಮಿನಿಯಂ ಒಳಗೆಲ್ಲ ಸಣ್ಣ ರಂಧ್ರಗಳಿರುತ್ತವೆ, ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ನೆನೆದ ಕವರ್ ಆ ರಂಧ್ರಗಳಲ್ಲಿ ಎಣ್ಣೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಂದು ಎಳೆಗೆ ಇನ್ನೊಂದು ಮೂಲವೂ ಇತ್ತು. ಕವರಿನ ಒಳಮೈಯಲ್ಲಿ, ಎಂಜಿನ್ನಿನ ಹಬೆಯಿಂದ ಎಣ್ಣೆಯನ್ನು ಬೇರ್ಪಡಿಸಲು ರಿವೆಟ್ ಹೊಡೆದು ಕೂರಿಸಿದ ತಗಡಿನ ತಟ್ಟೆಯೊಂದಿರುತ್ತದೆ. ಅದನ್ನು ತೆಗೆಯದೆ ನಾವು ಕೆಲಸ ಮಾಡಿದ್ದೆವು. ಆಮೇಲೆ ರಿವೆಟ್‌ಗಳನ್ನು ಡ್ರಿಲ್ ಮಾಡಿ ಎಬ್ಬಿಸಿ ನೋಡಿದಾಗ ಅದರ ಹಿಂದೆ ಬೆರಳಿನ ಉಗುರು ಮುಳುಗುವಷ್ಟು ದಪ್ಪದ ಕಪ್ಪು ಜಿಡ್ಡು ಇತ್ತು. ಓವನ್‌ನ ಶಾಖಕ್ಕೆ ಅದರ ಒಂದು ಪಾಲು ತೆಳುವಾಗಿ ಹರಿದು ಬಂದಿತ್ತು, ಉಳಿದದ್ದು ಅಲ್ಲಿಯೇ ಹೊಂಚುಹಾಕಿ ಕುಳಿತಿತ್ತು.

ಆರ್ಮ್‌ಗಳ ವಿಚಾರ ಅಷ್ಟು ಸುಲಭವಾಗಿರಲಿಲ್ಲ. ಮೊದಲ ಶಂಕೆ ಪೌಡರ್‌ನ ಮೇಲೆ ಹೋಯಿತು. ಆದರೆ ಅದೇ ಪೆಟ್ಟಿಗೆಯ ಕಪ್ಪು ಪೌಡರ್ ಕ್ರಾಸ್‌ಮೆಂಬರಿನ ಮೇಲೆ ಚೆನ್ನಾಗಿ ಕೂತಿದ್ದರಿಂದ ಆ ಮಾತನ್ನು ಕೈಬಿಟ್ಟೆವು. ಎರಡನೆಯದು ಕಂಪ್ರೆಸರಿನ ಎಣ್ಣೆ ಗಾಳಿಯ ಜೊತೆ ಬಂದಿರಬಹುದೆಂಬ ಶಂಕೆ. ಗ್ರಿಟ್ ಬಂದ್ ಮಾಡಿ ಬರೀ ಗಾಳಿಯನ್ನು ಒಂದು ನಿಮಿಷ ಬಿಳಿಯ ಹೀರುಕಾಗದದ ಮೇಲೆ ಬಿಟ್ಟು ನೋಡಿದೆವು. ಕಾಗದ ಬಿಳಿಯಾಗಿಯೇ ಉಳಿಯಿತು. ಮೂರನೆಯದು ನಮ್ಮ ಸಹಾಯಕನ ಮೇಲೆ ಬಂದ ಶಂಕೆ, ಮತ್ತು ಇದನ್ನು ಬರೆಯುವಾಗ ನನಗೆ ತುಸು ಸಂಕೋಚವಾಗುತ್ತದೆ. ಬುಷ್ ಒತ್ತಿ ತೆಗೆಯುವಾಗ ಆತ ಸಿಲಿಕಾನ್ ಸ್ಪ್ರೇ ಬಳಸಿದ್ದ. ಪೌಡರ್ ಕೋಟಿಂಗ್ ನಡೆಯುವ ಜಾಗದಲ್ಲಿ ಸಿಲಿಕಾನ್ ಸ್ಪ್ರೇ ಇರಲೇಬಾರದು, ಆ ಮಾತಿಗೆ ಎರಡಿಲ್ಲ. ಅದರ ಮಂಜು ಒಂದಿಷ್ಟು ತಾಗಿದರೂ ಕುಳಿಗಳೇಳುತ್ತವೆ. ಆದ್ದರಿಂದ ತಪ್ಪು ಆತನದೇ ಎಂದು ತೀರ್ಮಾನಿಸಿ ಅರ್ಧ ದಿನ ಕಳೆದೆವು. ಆದರೆ ಕುಳಿಗಳು ಬುಷ್ ರಂಧ್ರದ ಸುತ್ತಮುತ್ತ ಇರಬೇಕಾದ ಕಡೆ ಇರದೆ ಆರ್ಮಿನ ನಡುಭಾಗದ ಅಗಲದಲ್ಲೆಲ್ಲ ಹರಡಿದ್ದವು. ಜೊತೆಗೆ ಎರಡೂ ಆರ್ಮ್‌ಗಳ ಬುಷ್ ತೆಗೆದ ರೀತಿ ಒಂದೇ ಆಗಿದ್ದು, ಎಡಕ್ಕೆ ಅಷ್ಟು ಹೆಚ್ಚು, ಬಲಕ್ಕೆ ಇಷ್ಟು ಕಡಿಮೆ ಏಕೆ ಎಂಬುದಕ್ಕೆ ಸಿಲಿಕಾನ್ ಉತ್ತರ ಕೊಡುತ್ತಿರಲಿಲ್ಲ.

ಉತ್ತರ ಕೊಟ್ಟದ್ದು ಬ್ಲಾಸ್ಟಿಂಗ್ ಕ್ರಮ. ಬ್ರಾಕೆಟ್‌ಗಳೂ ಅದೇ ಕ್ಯಾಬಿನೆಟ್ಟಿನ ಅದೇ ಗ್ರಿಟ್ಟಿನಿಂದ ಬಂದವು, ಆದರೆ ಕವರಿಗಿಂತ ಮೊದಲು. ಎಡ ಆರ್ಮ್ ಬಂದದ್ದು ಕವರಿನ ಬೆನ್ನಿಗೇ. ಬಲ ಆರ್ಮ್ ಅದರ ನಂತರ, ಅಂದರೆ ಗ್ರಿಟ್ಟಿಗೆ ಅಂಟಿದ ಎಣ್ಣೆಯ ಒಂದು ಪಾಲನ್ನು ಎಡ ಆರ್ಮ್ ತನ್ನ ಮೈಗೆ ಒರೆಸಿಕೊಂಡ ಮೇಲೆ. ಹೀಗೆ ಕಾಗದದ ಮೇಲೆ ಬರೆದುಕೊಂಡಾಗ ಸಂಗತಿ ತಾನಾಗಿಯೇ ಕಾಣಿಸಿತು. ಆದರೂ ಊಹೆಯನ್ನು ಪರೀಕ್ಷೆಯಿಲ್ಲದೆ ಒಪ್ಪುವಂತಿರಲಿಲ್ಲ.

ಹಾಪರಿನಿಂದ ಒಂದು ಹಿಡಿ ಗ್ರಿಟ್ ತೆಗೆದು ಸ್ವಚ್ಛವಾದ ಗಾಜಿನ ಶೀಷೆಗೆ ಹಾಕಿ, ಶುದ್ಧ ನೀರು ತುಂಬಿ, ಮುಚ್ಚಿ ಒಂದು ನಿಮಿಷ ಜೋರಾಗಿ ಕುಲುಕಿ, ಹಾಗೆಯೇ ಇಟ್ಟೆವು. ಈ ಪರೀಕ್ಷೆಯಲ್ಲಿ ಆತುರಪಟ್ಟರೆ ಮೋಸಹೋಗುವ ಸಂಭವವಿದೆ, ಏಕೆಂದರೆ ನಯವಾದ ಧೂಳೂ ನೀರಿನ ಮೇಲೆ ತೇಲಿ ಪೊರೆಯಂತೆ ಕಾಣುತ್ತದೆ. ಐದಾರು ನಿಮಿಷದಲ್ಲಿ ಗ್ರಿಟ್ ತಳಕ್ಕಿಳಿದ ಮೇಲೆ ಶೀಷೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಹಾಳೆಯೊಂದು ಹೊಳೆಯಿತು. ಮಳೆನೀರು ನಿಂತ ರಸ್ತೆಯಲ್ಲಿ ಪೆಟ್ರೋಲ್ ಚೆಲ್ಲಿದಾಗ ಕಾಣುವ ಅದೇ ಬಣ್ಣ. ಚೀಲದಿಂದ ಆಗಷ್ಟೇ ತೆಗೆದ ಹೊಸ ಗ್ರಿಟ್ಟಿನ ಶೀಷೆಯಲ್ಲಿ ಆ ಹೊಳಪು ಇರಲಿಲ್ಲ. ಬಳಿಕ ಒಂದೇ ತಗಡಿನಿಂದ ಕತ್ತರಿಸಿದ ಎರಡು ಉಕ್ಕಿನ ತುಂಡುಗಳನ್ನು ತೆಗೆದುಕೊಂಡು, ಒಂದನ್ನು ಹಳೆಯ ಗ್ರಿಟ್ಟಿನಲ್ಲಿ, ಇನ್ನೊಂದನ್ನು ಹೊರಗಿನ ಪಾಟ್‌ನ ಹೊಸ ಗ್ರಿಟ್ಟಿನಲ್ಲಿ ಬ್ಲಾಸ್ಟ್ ಮಾಡಿ ನೀರು ಹನಿಸಿದೆವು. ಹೊಸ ಗ್ರಿಟ್ಟಿನ ತುಂಡಿನ ಮೇಲೆ ನೀರು ಹಾಳೆಯಾಗಿ ಹರಡಿತು. ಹಳೆಯದರ ಮೇಲೆ ಕೆಸುವಿನ ಎಲೆಯ ಮೇಲಿನಂತೆ ಮಣಿಗಟ್ಟಿ ಉರುಳಿತು. ಮಣಿಗಟ್ಟಿದ ತುಂಡನ್ನು ನಮ್ಮ ರೂಢಿಯಂತೆ ಸಾಲ್ವೆಂಟ್ ಬಟ್ಟೆಯಿಂದ ಒರೆಸಿ ಮತ್ತೆ ಹನಿಸಿದೆವು. ಮಣಿಗಳು ಸ್ವಲ್ಪ ಚಪ್ಪಟೆಯಾದವೇ ಹೊರತು ಹರಡಲಿಲ್ಲ. ಬ್ಲಾಸ್ಟ್ ಆದ ಮೈ ಮರಳುಕಾಗದದಂತೆ ಒರಟಾಗಿರುತ್ತದೆ. ಅದರ ತಗ್ಗುಗಳಲ್ಲಿ ಸೇರಿದ ಎಣ್ಣೆಯನ್ನು ಬಟ್ಟೆ ಒರೆಸುವುದಿಲ್ಲ, ಉದ್ದಕ್ಕೂ ಸವರುತ್ತದೆ. ಎರಡೂ ತುಂಡುಗಳಿಗೆ ಪೌಡರ್ ಹಾಕಿ ಬೇಯಿಸಿದಾಗ ಆರ್ಮಿನ ಮೇಲೆ ಕಂಡ ಅದೇ ಕುಳಿಗಳು ಹಳೆಯ ಗ್ರಿಟ್ಟಿನ ತುಂಡಿನ ಮೇಲೆ ಎದ್ದವು. ಆ ತುಂಡುಗಳ ಹತ್ತಿರ ಸಿಲಿಕಾನ್ ಸ್ಪ್ರೇ ಸುಳಿದಿರಲಿಲ್ಲ. ಸಹಾಯಕನ ಕ್ಷಮೆ ಕೇಳಿದೆವು.

ಹಾಗಾದರೆ ಕವರನ್ನು ಕೊನೆಗೆ ಬ್ಲಾಸ್ಟ್ ಮಾಡಿದ್ದರೆ ಸಾಕಿತ್ತೆ? ಇಲ್ಲ. ಉಕ್ಕನ್ನು ಬ್ಲಾಸ್ಟ್ ಮಾಡಿದ ಗ್ರಿಟ್ಟಿನಲ್ಲಿ ಕಬ್ಬಿಣದ ಕಣಗಳು ಉಳಿದಿರುತ್ತವೆ. ಮೆದುವಾದ ಅಲ್ಯೂಮಿನಿಯಂಗೆ ಅವು ನಾಟಿಕೊಂಡರೆ ಲೇಪದ ಕೆಳಗೆ ತೇವ ತಾಗಿದಾಗ ಅಲ್ಲಿಂದಲೇ ಕೊರೆತ ಆರಂಭವಾಗುತ್ತದೆ. ಕವರ್ ಮೊದಲು ಹೋದರೆ ಉಕ್ಕಿಗೆ ಎಣ್ಣೆ, ಆಮೇಲೆ ಹೋದರೆ ಕವರಿಗೆ ಕಬ್ಬಿಣ. ಎರಡಕ್ಕೂ ಬೇರೆ ಬೇರೆ ಗ್ರಿಟ್ ಇಡುವುದು, ಅದಕ್ಕಿಂತ ಮೊದಲು ಯಾವ ಭಾಗವೂ ಜಿಡ್ಡಿನ ಸಮೇತ ಕ್ಯಾಬಿನೆಟ್ಟಿಗೆ ಹೋಗದಂತೆ ನೋಡಿಕೊಳ್ಳುವುದು, ಇವೆರಡೇ ದಾರಿ.

ಮರುಕೆಲಸ

ಮೂರೂ ಭಾಗಗಳ ಲೇಪವನ್ನು ಪೂರ್ತಿ ತೆಗೆಯಬೇಕಾಯಿತು. ಬೆಂದ ಪೌಡರ್ ಗಟ್ಟಿ ರಬ್ಬರಿನಂತೆ ಗ್ರಿಟ್ಟನ್ನು ಪುಟಿಸುತ್ತದಾದ್ದರಿಂದ ಬ್ಲಾಸ್ಟ್ ಮಾಡಿ ತೆಗೆಯುವುದು ಬಹಳ ನಿಧಾನದ ಕೆಲಸ. ಸುಟ್ಟು ತೆಗೆಯುವ ಓವನ್‌ನ ಶಾಖ 400 ಡಿಗ್ರಿಯ ಆಸುಪಾಸಿನದು. ಅಲ್ಯೂಮಿನಿಯಂಗೆ ಅದು ತಕ್ಕದ್ದಲ್ಲ, ಸಸ್ಪೆನ್ಷನ್ನಿನ ಭಾರ ಹೊರುವ ಆರ್ಮ್‌ಗಳನ್ನೂ ಅದಕ್ಕೊಡ್ಡಲು ನನಗೆ ಮನಸ್ಸಾಗಲಿಲ್ಲ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ಕರಗಿಸಿ ಹೈಡ್ರೋಜನ್ ಬಿಡುವುದರಿಂದ ಅದೂ ಆಗದು. ಬೆಂಜೈಲ್ ಆಲ್ಕೋಹಾಲ್ ಆಧಾರಿತ ಸ್ಟ್ರಿಪ್ಪರನ್ನು ಬಿಸಿಮಾಡಿ ಅದರಲ್ಲಿ ಮುಳುಗಿಸಿಟ್ಟೆವು. ಸಮಯ ಹಿಡಿಯಿತು, ಆದರೆ ಲೇಪ ಸುಕ್ಕಾಗಿ ಎದ್ದು ಬಂತು.

ಆರ್ಮ್‌ಗಳಲ್ಲಿ ಸ್ಟ್ರಿಪ್ಪರ್ ಇನ್ನೊಂದು ಅಪಾಯವನ್ನು ತಂದಿತ್ತು. ಎರಡು ಹೋಳುಗಳು ಒಂದರ ಮೇಲೊಂದು ಕೂರುವ ಸಂದಿಯಲ್ಲಿ, ಬಿಟ್ಟುಬಿಟ್ಟು ಹಾಕಿದ ವೆಲ್ಡುಗಳ ನಡುವೆ, ಅದು ಇಂಗಿರುತ್ತದೆ. ಎಷ್ಟು ತೊಳೆದರೂ ಹೊರಗಿನಿಂದ ತಿಳಿಯುವುದಿಲ್ಲ. ಬಿಸಿನೀರಿನಲ್ಲಿ ಹಲವು ಬಾರಿ ತೊಳೆದು, ಗಾಳಿಯಿಂದ ಊದಿ, ಬರಿಯ ಆರ್ಮ್‌ಗಳನ್ನು 200 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿದಾಗ ಎಡ ಆರ್ಮಿನ ಸಂದಿಯಲ್ಲಿ ಎರಡು ಕಡೆ ಹಳದಿ ಕಲೆ ಒಸರಿತ್ತು. ಮತ್ತೆ ತೊಳೆದು ಮತ್ತೆ ಕಾಯಿಸಿದೆವು. ಎರಡನೆಯ ಸಲ ಒಸರಲಿಲ್ಲ.

ಕವರನ್ನು ಅಲ್ಯೂಮಿನಿಯಂಗೆ ಹೊಂದುವ ಸೌಮ್ಯ ಕ್ಷಾರದ ಡಿಟರ್ಜೆಂಟಿನಲ್ಲಿ, ಸುಮಾರು 60 ಡಿಗ್ರಿಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, 220 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದೆವು. ನಮ್ಮ ಪೌಡರ್ ಬೇಯುವುದು 190 ಡಿಗ್ರಿಯಲ್ಲಿ. ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಮೊದಲೇ ಕಾಯಿಸಿದರೆ ಹೊರಬರಬೇಕಾದ ಅನಿಲ ಪೌಡರ್ ಇಲ್ಲದಿರುವಾಗಲೇ ಬಂದುಹೋಗುತ್ತದೆ. ಮೊದಲ ಸಲ ಬೋಲ್ಟ್ ಗಂಟುಗಳ ಸುತ್ತ ಕಾಫಿ ಕಲೆಯಂತಹ ಚುಕ್ಕೆಗಳು ಮೂಡಿದವು. ತಣಿದ ಮೇಲೆ ಸಾಲ್ವೆಂಟಿನಿಂದ ಒರೆಸಿ, ಆರಿದ ಬಳಿಕ ಮತ್ತೆ ಕಾಯಿಸಿದೆವು; ಎರಡನೆಯ ಸಲ ನಾಲ್ಕೈದು ಚುಕ್ಕೆ, ಮೂರನೆಯ ಸಲ ಏನೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಟ್ಯಾಪೆಟ್ ಕವರ್ ಭಾರ ಹೊರುವ ಭಾಗವಲ್ಲವಾದ್ದರಿಂದ ಹೀಗೆ ಕಾಯಿಸಿದೆವು. ಶಾಖೋಪಚಾರದಿಂದ ಬಲ ಪಡೆದ ಅಲಾಯ್ ವೀಲ್‌ಗೆ ಇದೇ ವಿಧಾನವನ್ನು ಅನ್ವಯಿಸಿದರೆ ಅದರ ಬಲವೇ ಕುಗ್ಗಬಹುದು. ಅಲ್ಲಿ ಕಡಿಮೆ ಶಾಖದಲ್ಲಿ ಬೇಯುವ ಪೌಡರ್ ಬಳಸುವುದೂ ವೀಲ್ ತಯಾರಕರು ಹೇಳಿದ ಮಿತಿಯನ್ನು ಮೀರದಿರುವುದೂ ಒಳ್ಳೆಯದು.

ಕ್ಯಾಬಿನೆಟ್ಟಿನ ಗ್ರಿಟ್ಟನ್ನು ಸುರಿದು ಹೊಸದನ್ನು ತುಂಬಿದರೆ ಮುಗಿಯಿತೆಂದು ಮೊದಲು ಅನಿಸಿತ್ತು. ಹಾಗೆ ತುಂಬಿದ ಗ್ರಿಟ್ಟಿನ ಶೀಷೆಯಲ್ಲಿಯೂ ಮಸುಕಾಗಿ ಬಣ್ಣ ಹೊಳೆದಾಗ ಹಾಪರಿನ ಗೋಡೆ, ಹೋಸ್, ಧೂಳು ಬೇರ್ಪಡಿಸುವ ಕೊಳವೆ ಎಲ್ಲವೂ ಎಣ್ಣೆ ಹಿಡಿದಿವೆಯೆಂದು ಅರ್ಥವಾಯಿತು. ಹೋಸ್ ಮತ್ತು ಫಿಲ್ಟರ್ ಬದಲಿಸಿ, ಉಳಿದದ್ದನ್ನು ತೊಳೆದು ಒಣಗಿಸಿ, ಸ್ವಲ್ಪ ಹೊಸ ಗ್ರಿಟ್ಟನ್ನು ಓಡಿಸಿ ಚೆಲ್ಲಿ, ಶೀಷೆಯಲ್ಲಿ ಹೊಳಪಿಲ್ಲವೆಂದು ಖಚಿತವಾದ ಮೇಲೆಯೇ ಪೂರ್ತಿ ತುಂಬಿದೆವು. ಅಲ್ಯೂಮಿನಿಯಂಗೆಂದು ಪ್ರತ್ಯೇಕ ಗ್ರಿಟ್ಟಿನ ಡಬ್ಬ ಅಂದಿನಿಂದ ಬಂತು.

ಪೌಡರ್ ಹಾಕುವ ಹಂತದಲ್ಲಿ ಹೆಚ್ಚೇನೂ ಹೇಳಲಿಕ್ಕಿಲ್ಲ. ಬ್ಲಾಸ್ಟ್ ಆದ ಉಕ್ಕನ್ನು ಬರಿಗೈಯಲ್ಲಿ ಮುಟ್ಟದೆ, ನೀರಿನ ಪರೀಕ್ಷೆ ಮಾಡಿ, ಲೇಪ ಚೆನ್ನಾಗಿ ಹಿಡಿಯಲೆಂದು ಐರನ್ ಫಾಸ್ಫೇಟ್ ಸಂಸ್ಕಾರ ಕೊಟ್ಟು, ಒಣಗಿಸಿ, ಅದೇ ದಿನ ಸತು ಬೆರೆತ ಎಪಾಕ್ಸಿ ಪ್ರೈಮರ್ (ಅಡಿಪದರದ ಪೌಡರ್) ಹಾಕಿದೆವು. ಪ್ರೈಮರನ್ನು ಅರ್ಧ ಬೇಯಿಸಿ ಅದರ ಮೇಲೆ ಪಾಲಿಯೆಸ್ಟರ್ ಪೌಡರ್ ಹಾಕಿದರೆ ಎರಡು ಪದರಗಳು ಒಂದನ್ನೊಂದು ಚೆನ್ನಾಗಿ ಹಿಡಿಯುತ್ತವೆ. ಪ್ರೈಮರ್ ಪದರವೇ ವಿದ್ಯುತ್ತನ್ನು ತಡೆಯುವುದರಿಂದ ಎರಡನೆಯ ಪದರಕ್ಕೆ ಗನ್ನಿನ ವೋಲ್ಟೇಜನ್ನು 70 ಕಿಲೋವೋಲ್ಟಿನಿಂದ 45ಕ್ಕೆ ಇಳಿಸಿದೆವು. ಇಳಿಸದಿದ್ದರೆ ಪೌಡರ್ ಹಿಂದಕ್ಕೆ ಚಿಮ್ಮಿ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಆರ್ಮಿನ ಒಳಮೂಲೆಗಳಿಗೂ, ಕವರಿನ ಉಬ್ಬು ಅಕ್ಷರಗಳ ನಡುವಿನ ತಗ್ಗುಗಳಿಗೂ ಕಡಿಮೆ ವೋಲ್ಟೇಜೇ ಸರಿ, ಏಕೆಂದರೆ ವಿದ್ಯುತ್ ಕ್ಷೇತ್ರ ಅಂಚುಗಳಿಗೆ ಮುತ್ತಿ ಮೂಲೆಯನ್ನು ಬಿಟ್ಟುಬಿಡುತ್ತದೆ. ಕೊಕ್ಕೆಗಳ ಮೇಲೆ ಹಳೆಯ ಲೇಪ ಕಟ್ಟಿಕೊಂಡಿದ್ದರೆ ಅರ್ಥಿಂಗ್ ಸಿಗುವುದಿಲ್ಲವಾದ್ದರಿಂದ ಅವನ್ನು ಉಜ್ಜಿ ಬರಿಯ ಲೋಹಕ್ಕೆ ತಂದಿದ್ದೆವು. ಬೇಯುವ ಸಮಯವನ್ನು ಓವನ್‌ನ ಗಾಳಿಯಿಂದಲ್ಲ, ಆರ್ಮಿನ ದಪ್ಪ ಭಾಗಕ್ಕೆ ತಾಗಿಸಿದ ಥರ್ಮೋಕಪಲ್ ಎಂಬ ಉಷ್ಣಮಾಪಕದಿಂದ ಎಣಿಸಿದೆವು: ಲೋಹ 190 ಡಿಗ್ರಿ ಮುಟ್ಟಿದ ಮೇಲೆ 15 ನಿಮಿಷ.

ಕವರಿನಲ್ಲಿ ಈ ಬಾರಿ ಗಂಟೊಂದರ ಬುಡದಲ್ಲಿ ಎರಡೇ ಸೂಜಿರಂಧ್ರಗಳು ಉಳಿದವು. ಕಾರಿನವರು ಅದನ್ನು ನೋಡಿ, ಇರಲಿ ಎಂದರು. ಆರ್ಮ್‌ಗಳ ಮೇಲೆ ಎರಡೂ ಪದರ ಸೇರಿ 120ರಿಂದ 140 ಮೈಕ್ರಾನ್ ದಪ್ಪ ಬಂದಿತ್ತು. ಅಂಟುವಿಕೆಯ ಪರೀಕ್ಷೆಯನ್ನು ಜೊತೆಯಲ್ಲಿಯೇ ಬೇಯಿಸಿದ ತಗಡಿನ ತುಂಡಿನ ಮೇಲೆ, ಐಎಸ್‌ಒ 2409 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವಂತೆ ಅಡ್ಡ ಉದ್ದ ಗೀರಿ ನೋಡಿದೆವು. ಒಂದು ಚೌಕವೂ ಏಳಲಿಲ್ಲ.

ಹತ್ತು ತಿಂಗಳ ಮೇಲೆ ಬ್ರೇಕಿನ ಕೆಲಸಕ್ಕೆಂದು ಕಾರನ್ನು ಎತ್ತಿದಾಗ ನಮ್ಮನ್ನು ಕರೆದಿದ್ದರು. ಆರ್ಮಿನ ಸಂದಿಗಳಲ್ಲಿ ತುಕ್ಕು ಇರಲಿಲ್ಲ. ಬಾಲ್ ಜಾಯಿಂಟನ್ನು ಒತ್ತಿ ಕೂರಿಸುವಾಗ ಪ್ರೆಸ್ಸಿನ ಬಳೆ ತಾಗಿದ ಕಡೆ ಅರ್ಧ ಚಂದ್ರಾಕಾರದಲ್ಲಿ ಲೇಪ ಕಿತ್ತು, ಅಲ್ಲಿ ಮಾತ್ರ ಕಂದು ಗೆರೆ ಮೂಡಿತ್ತು. ಟ್ಯಾಪೆಟ್ ಕವರಿನ ನಾಲ್ಕು ಬೋಲ್ಟ್‌ಗಳ ವಾಷರ್ ಕೆಳಗೆ ಲೇಪ ಒತ್ತಿ ಬಿರಿದಿತ್ತು, ಬೋಲ್ಟ್‌ಗಳು ತುಸು ಸಡಿಲವಾಗಿದ್ದವು, ಗ್ಯಾಸ್ಕೆಟ್ ಅಂಚು ತೇವವಾಗಿತ್ತು. ವಾಷರ್ ಕೂರುವ ಆ ವೃತ್ತಗಳಿಗೆ ನಾವು ಪೌಡರ್ ತಾಗದಂತೆ ಮಾಸ್ಕಿಂಗ್ ಹಾಕಿರಲಿಲ್ಲ. ಲೇಪವನ್ನು ಅಲ್ಲಿ ಲೋಹದವರೆಗೆ ಕೆರೆದು ತೆಗೆದು, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟ್‌ಗಳನ್ನು ನಿಗದಿತ ಟಾರ್ಕಿಗೆ ಬಿಗಿದು ಕೊಟ್ಟೆವು.